ತಪ್ಪೆಲ್ಲ ಗಾಳಿಯದು

ಪುಟ್ಟಗಂಗಮ್ಮ ಅವರೆಕಾಯಿ ಮಾರುವ ರೀತಿಯೇ ಬೇರೆ. ಗಿರಾಕಿ ಬಂದು ನಿಂತರೆ ಅವಳು ರೇಟು ಹೇಳುವುದಿಲ್ಲ, ತಕ್ಕಡಿ ಮುಟ್ಟುವುದಿಲ್ಲ. ರಾಶಿಯಿಂದ ಒಂದು ಕಾಯಿ ಎತ್ತಿ, ಹೆಬ್ಬೆರಳಲ್ಲಿ ಹಿಸುಕಿ, ಗಿರಾಕಿಯ ಕೈಯನ್ನು ತಾನೇ ಎಳೆದುಕೊಂಡು ಅಂಗೈ ಮೇಲೆ ಉಜ್ಜುತ್ತಾಳೆ. "ಮೂಸಿ. ಬಂದ್ರೆ ತಗಳಿ, ಬರ್ದಿದ್ರೆ ಬುಡಿ." ಅಷ್ಟೇ ಅವಳ ವ್ಯಾಪಾರ. ಚಳಿಗೂ ಇಬ್ಬನಿಗೂ ನೆಂದ ಅವರೆಯ ಸಿಪ್ಪೆ ಬೆವರಿ ಅಂಟಂಟಾಗುತ್ತದಲ್ಲ, ಆ ಸೊಗಡು ಒಂದು ಸಲ ಕೈಗೆ ಹತ್ತಿದರೆ ಸೋಪಿಗೂ ಜಗ್ಗುವುದಿಲ್ಲ. ತುಮಕೂರಿನ ಸದಾಶಿವನಗರದ ಅರ್ಧ ಹೆಂಗಸರು ಆ ವಾಸನೆಯನ್ನು ಅಂಗೈಯಲ್ಲಿಟ್ಟುಕೊಂಡು ಮನೆಗೆ ಹೋಗಿ, ಚೀಲ ಹಿಡಿದು ವಾಪಸ್ಸು ಬಂದವರೇ.

ಈ ಸಲದ ಡಿಸೆಂಬರಿನಲ್ಲೂ ಅವಳು ಉಜ್ಜಿದಳು. ಎರಡನೇ ಕ್ರಾಸಿನ ಕಾವ್ಯ ಮೇಡಂ, ಹೈಸ್ಕೂಲ್ ಟೀಚರು, ಅಂಗೈಯನ್ನು ಮೂಗಿಗೆ ಹಿಡಿದು ಜೋರಾಗಿ ಉಸಿರೆಳೆದುಕೊಂಡರು.

"ಏನೂ ಬರ್ತಿಲ್ವಲ್ಲಮ್ಮ? ನಂಗೆ ನೆಗಡಿ ಏನಾದ್ರೂ ಆಗಿದ್ಯಾ?"

"ನಿಮ್ ಮೂಗು ಚೆನ್ನಾಗೈತೆ ತಾಯಿ. ಕಾಯೇ ಸರಿಗಿಲ್ಲ. ಈ ಸಲ ಸೊಗಡು ಬಂದಿಲ್ಲ."

ಕಾವ್ಯ ಮೇಡಂ ಚೀಲ ಮಡಿಸಿಕೊಂಡು ಹೊರಟರು. ತಕ್ಕಡಿ ಹಿಡಿದು ಕೂತಿದ್ದ ಮಗ ಗಂಗರಾಜುವಿಗೆ ಮೈಯೆಲ್ಲ ಉರಿಯಿತು.

"ಅವ್ವ, ನೀನು ಸತ್ಯದ ಗುತ್ತಿಗೆ ಹಿಡ್ದಿದೀಯಾ? ಐತೆ ಅಂದ್ಬುಟ್ರೆ ನಾಲ್ಗೆ ಬಿದ್ದೋಯ್ತದಾ?"

"ಇಲ್ದಿರೋದ್ನ ಐತೆ ಅಂತ ಹೆಂಗ್ಲಾ ಉಜ್ಜಲಿ?"

"ಉಜ್ಜಬ್ಯಾಡ! ಯಾರು ಉಜ್ಜು ಅಂದೋರು? ಇಡೀ ತುಮಕೂರಲ್ಲಿ ಯಾವನ್ ಉಜ್ಜತಾವ್ನೆ?"

ಗಂಗರಾಜುವಿನ ಕೋಪ ಊರಿಗೇ ಗೊತ್ತಿದ್ದದ್ದು. ಒಂಬತ್ತನೇ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರ ಜೊತೆ ಜಗಳವಾಡಿ ಸ್ಕೂಲು ಬಿಟ್ಟ. ಸತ್ಯಮಂಗಲದ ಲೇತ್ ಶೆಡ್ಡಿನಲ್ಲಿ ಮಾಲೀಕನ ಜೊತೆ ಜಗಳವಾಡಿ ಕೆಲಸ ಬಿಟ್ಟ. ಈಗ ಒಂದು ಲಗೇಜ್ ಆಟೋ ಓಡಿಸುತ್ತಾನೆ. ಚಳಿಗಾಲದಲ್ಲಿ ಕುಣಿಗಲ್ ಕಡೆಯ ಮಾವನ ಹೊಲದಿಂದ ಅವರೆ ತರುತ್ತಾನೆ, ಅವ್ವನ ಪಕ್ಕ ಕೂತು ತೂಗುತ್ತಾನೆ. ಆದರೆ ಈ ಸಲದ ಸಿಟ್ಟು ಬರೀ ಸ್ವಭಾವದ್ದಲ್ಲ. ಅವ್ವ ಕೂರುವ ಮೂಲೆಯೇ ಕೈತಪ್ಪುವ ಹಾಗಿತ್ತು.

ಮೂಲೆ ಎಂದರೆ ಒಂದು ಹೊಂಗೆಮರ, ಅದರ ಹಿಂದೆ ರಿಟೈರಾದ ಜಾಗ್ರಫಿ ಲೆಕ್ಚರರ್ ಮಹಾಲಿಂಗಯ್ಯನವರ ಕಾಂಪೌಂಡು, ಮುಂದೆ ಮೂರು ರಸ್ತೆ ಕೂಡುವ ಜಾಗ. ಅವ್ವ ಅಲ್ಲಿ ಮದುವೆಯಾದ ಹೊಸತರಲ್ಲಿ ಕೂತವಳು. ಬೇಸಿಗೆಗೆ ಸೊಪ್ಪು, ಮಳೆಗಾಲಕ್ಕೆ ಮುಸುಕಿನ ಜೋಳ, ಚಳಿಗೆ ಅವರೆ. ಗಂಗರಾಜು ಹಾಲು ಕುಡಿದಿದ್ದು, ತೆವಳಿದ್ದು, ಮಣ್ಣು ತಿಂದಿದ್ದು ಎಲ್ಲ ಅಲ್ಲೇ. ಆದರೆ ಫುಟ್‌ಪಾತಿನ ಜಾಗಕ್ಕೆ ಪತ್ರವಿಲ್ಲ, ಪಹಣಿಯಿಲ್ಲ. ಕೂತವರದೇ ಜಾಗ, ಎದ್ದು ಹೋದರೆ ಹೋಯಿತು. ಒಂದು ವಾರ ಬರಿಗೈಲಿ ಮನೇಲಿದ್ದರೆ ಅಲ್ಲಿ ಇನ್ನೊಬ್ಬನ ತಳ್ಳುಗಾಡಿ ನಿಂತಿರುತ್ತದೆ. ಆಮೇಲೆ ಅವನ ಕಾಲು ಹಿಡಿದರೂ ಜಾಗ ಸಿಗುವುದಿಲ್ಲ.

ಆ ಇನ್ನೊಬ್ಬ ಯಾರು ಅಂತ ಹುಡುಕಬೇಕಾಗಿಯೂ ಇರಲಿಲ್ಲ. ಕನಕರಾಜು ಅಂತ, ರಸ್ತೆಯ ಆಚೆ ಬಿಸಿಲಲ್ಲಿ ನಿಲ್ಲುವ ತಳ್ಳುಗಾಡಿಯವನು. ಗಾಡಿಗೆ ಒಂದು ಮೈಕು ಕಟ್ಟಿದ್ದ. ಅದು ಬೆಳಗಿನಿಂದ ಸಂಜೆವರೆಗೆ ಒಂದೇ ರಾಗ: "ಸೊಗಡವರೆ ಸೊಗಡವರೆ ಸೊಗಡವರೇ!" ಅವನ ಕಾಯಿಗೂ ಸೊಗಡಿರಲಿಲ್ಲ. ಆದರೆ ಮೈಕು ಮೂಸುವುದಿಲ್ಲವಲ್ಲ.

"ಏನ್ ಪುಟ್ಟಗಂಗಕ್ಕ, ಹೊಂಗೆ ನೆರಳು ತಂಪಾಗೈತಾ?" ಎಂದು ಅಲ್ಲಿಂದಲೇ ಕೂಗಿದ. "ವ್ಯಾಪಾರ ಇಲ್ದಿದ್ರೆ ಊರಿಗ್ ಹೋಗಿ ಮಲ್ಕಳಕ್ಕೋ. ಜಾಗ ನಾನ್ ನೋಡ್ಕಂತೀನಿ, ದೂಳು ಕೂರ್ದಂಗೆ."

"ನಿನ್ ಮೈಕ್ ಕಿತ್ತು ಬಾಯಿಗ್ ತುರುಕ್ತೀನಿ ನೋಡು!" ಗಂಗರಾಜು ಎದ್ದ.

"ಕುತ್ಕಳ್ಲಾ," ಅಂದಳು ಅವ್ವ.

ಕಾಂಪೌಂಡಿನ ಒಳಗಿಂದ ಮಹಾಲಿಂಗಯ್ಯನವರು ಇದನ್ನೆಲ್ಲ ಕೇಳಿಸಿಕೊಂಡೇ ಇದ್ದರು. ಮನುಷ್ಯ ಕೆಟ್ಟವರಲ್ಲ. ಪುಟ್ಟಗಂಗಮ್ಮನಿಗೆ ಕುಡಿಯುವ ನೀರು ಅವರ ಮನೆಯದೇ. ಬೆಳಿಗ್ಗೆ ಗೇಟಿಗೆ ಒರಗಿ ಪೇಪರ್ ಓದುತ್ತ ಯಾರು ಸಿಕ್ಕಿದರೂ ಒಂದು ಪಾಠ ಮಾಡದೆ ಬಿಡುವವರಲ್ಲ.

"ಗಂಗರಾಜು, ಇಲ್ಲಿ ಬಾಪ್ಪ. ಸುಮ್ನೆ ಅಮ್ಮನ ಮೇಲೆ ಯಾಕೆ ರೇಗ್ತೀಯ? ಬಂಗಾಳ ಕೊಲ್ಲಿ ಮೇಲೆ ರೇಗು."

"ಅದೆಲ್ಲೈತೆ ಸಾರ್, ಹೇಳಿ. ಆಟೋ ತಗೊಂಡೇ ಹೋಯ್ತೀನಿ."

ಮೇಷ್ಟ್ರು ನಕ್ಕರು. ಆಮೇಲೆ ಗೇಟಿನ ಕಂಬಿಯ ಮೇಲೆ ಬೆರಳಲ್ಲಿ ಗೆರೆ ಎಳೆದು ಎಳೆದು ಹೇಳಿದರು. ಈ ತಿಂಗಳಲ್ಲಿ ಉತ್ತರದ ಒಣಗಾಳಿ ಇಳಿದು ಬರಬೇಕು. ಆಕಾಶ ತೊಳೆದ ಹಾಗಿರಬೇಕು. ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗಿ ನೆಲ ತಣ್ಣಗಾದರೆ ಆಗ ಇಬ್ಬನಿ. ಆದರೆ ಈ ವರ್ಷ ಸಮುದ್ರ ಬಿಸಿಯಾಗಿ ಕೂತಿದೆ. ಕೊಲ್ಲಿಯಲ್ಲಿ ಒಂದರ ಹಿಂದೆ ಒಂದು ವಾಯುಭಾರ ಕುಸಿತ. ಒಂದು ಮದ್ರಾಸಿನ ಕಡೆ ದಡ ಹತ್ತುವಷ್ಟರಲ್ಲಿ ಇನ್ನೊಂದು ಹುಟ್ಟುತ್ತದೆ. ಅದರ ಮೋಡವೆಲ್ಲ ನಮ್ಮ ತಲೆ ಮೇಲೆ. ಮೋಡ ಅಂದರೆ ಕಂಬಳಿ. ಕಂಬಳಿ ಹೊದ್ದ ನೆಲ ತಣ್ಣಗಾಗುವುದು ಹೇಗೆ?

"ಹೋದ್ವರ್ಷ ಹಲ್ಲು ಕಡಿಯೋ ಚಳಿ ಇತ್ತಲ್ಲ ಸಾರ್?"

"ಅದೇ ನೋಡು! ಒಂದ್ವರ್ಷ ಹಾಗೆ, ಒಂದ್ವರ್ಷ ಹೀಗೆ. ಎಲ್ಲೋ ಪೆಸಿಫಿಕ್ ಸಾಗರದಲ್ಲಿ ನೀರು ಒಂದಿಷ್ಟು ಬೆಚ್ಚಗಾದ್ರೆ, ತಣ್ಣಗಾದ್ರೆ, ಇಡೀ ಭೂಮಿ ಗಾಳಿ ದಾರಿ ಬದಲಾಯಿಸುತ್ತೆ. ಎಲ್ಲ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿದೆ."

"ಅಷ್ಟು ದೊಡ್ಡ ಗಾಳಿಗೆ ನಮ್ಮವ್ವನ ಬುಟ್ಟೀನೇ ಬೇಕಾಗಿತ್ತಾ ಸಾರ್? ಅಲ್ಲಿ ಫ್ಲಾಟ್ ಕಟ್ಸೋರ ಮೇಲೆ ಬೀಸಲ್ವಾ ಅದು?"

"ಗಾಳಿಗೆ ಅದೆಲ್ಲ ಗೊತ್ತಾಗಲ್ಲಪ್ಪ. ಯಾರ ತಪ್ಪೂ ಅಲ್ಲ ಇದು."

ಯಾರ ತಪ್ಪೂ ಅಲ್ಲ. ಆ ಮಾತು ಗಂಗರಾಜುವಿಗೆ ಕನಕರಾಜುವಿನ ಮೈಕಿಗಿಂತ ಕೆಟ್ಟದಾಗಿ ಕೇಳಿಸಿತು. ತಪ್ಪು ಮಾಡಿದವನಿದ್ದರೆ ಹೋಗಿ ಕೊರಳಪಟ್ಟಿ ಹಿಡಿಯಬಹುದು. ಸಮುದ್ರಕ್ಕೆ ಎಲ್ಲಿಯ ಕೊರಳಪಟ್ಟಿ? ಬೈಯ್ಯೋಣವೆಂದರೆ ಅದಕ್ಕೆ ಕನ್ನಡವೂ ಬರುವುದಿಲ್ಲ.

ಅವನು ತಿರುಗಿಕೊಂಡು ಹೊರಟಾಗ ಮೇಷ್ಟ್ರೇ ಕರೆದು ಒಂದು ಮಾತು ಸೇರಿಸಿದರು. "ಮೋಡ ಒಂದೆರಡು ದಿನ ಬಿಡುತ್ತೆ ಅಂತ ಇದೆ. ತಣ್ಣನೆ ಗಾಳಿ ನೀರಿದ್ದ ಹಾಗೆ, ಭಾರ. ತಗ್ಗು ಹುಡುಕ್ಕೊಂಡು ಹರಿಯುತ್ತೆ. ದಿಬ್ಬದ ಹೊಲ ಬಿಟ್ಟು ಕೆರೆ ಹಿಂದಿನ ತಗ್ಗಿನ ಹೊಲ ನೋಡು. ಅಲ್ಲೇನಾದ್ರೂ ಇಬ್ಬನಿ ಬಿದ್ದಿರಬಹುದು."

ಮಾರನೆಯ ದಿನದಿಂದ ಗಂಗರಾಜು ಚಳಿ ಹುಡುಕಲು ಶುರು ಮಾಡಿದ. ಹೆಣ್ಣು ಹುಡುಕುವವರನ್ನು ನೋಡಿದ್ದೇವೆ, ತಪ್ಪಿಸಿಕೊಂಡ ಎಮ್ಮೆ ಹುಡುಕುವವರನ್ನು ನೋಡಿದ್ದೇವೆ. ಇವನು ಬೆಳಕು ಹರಿಯುವ ಹೊತ್ತಿಗೆ ಆಟೋ ಹತ್ತಿ, ಕಿಟಕಿಯಿಂದ ಕೈ ಹೊರಗೆ ಚಾಚಿಕೊಂಡು, ಎಲ್ಲಿ ತಣ್ಣಗಾಗುತ್ತದೋ ಎಂದು ಹೆಬ್ಬೂರಿನ ದಾರಿಯುದ್ದಕ್ಕೂ ಗಾಳಿ ಮುಟ್ಟಿಕೊಂಡು ಹೋದ.

ಮೊದಲು ಕುಣಿಗಲ್ ಹತ್ತಿರದ ಮಾವನ ಹೊಲ. ಮಾವ ಕದರಯ್ಯ ಅವ್ವನ ಸ್ವಂತ ಅಣ್ಣ. ರಾಗಿಯ ಮಧ್ಯೆ ಅಕ್ಕಡಿ ಸಾಲು ಹೊಡೆದು ಅವರೆ ಬಿತ್ತುವವನು. ರಾಗಿ ಕೊಯ್ದ ಮೇಲೆ ಅವರೆ ಸಾಲು ಒಂಟಿಯಾಗಿ ಬಯಲಲ್ಲಿ ನಿಂತು ಇಬ್ಬನಿ ಕುಡಿಯಬೇಕು. ಈ ಸಲ ಅವು ಕುಡಿದಿದ್ದು ಬೇಡದ ಮಳೆಯನ್ನು. ಮೋಡಕ್ಕೆ ಕಾಯಿಕೊರಕ ಹುಳ ಬಿದ್ದು ಅರ್ಧ ಹೂವು ಉದುರಿಹೋಗಿತ್ತು.

"ಬಾರ್ಲಾ ಅಳಿಯ," ಅಂದ ಕದರಯ್ಯ ಬದುವಿನ ಮೇಲೆ ಕೂತು. "ಹುಳ ತೂಗಿ ಕೊಡ್ಲಾ? ಕಾಳಿಗಿಂತ ಅವೇ ದಪ್ಪಕವೆ."

"ತಮಾಷೆ ಬುಡು ಮಾವ. ಸೊಗಡು ಎಲ್ಲೂ ಇಲ್ವಾ?"

"ಸೊಗಡಾ? ನಿಮ್ಮತ್ತೆ ಸೀರೆ ಗಂಟಲ್ಲಿ ಇಕ್ಕವ್ಳೆ, ಕೇಳು." ಕದರಯ್ಯ ಬೀಡಿ ಎಸೆದು ಗಂಭೀರವಾದ. "ಕಾಯಿ ಬೇಕಾದ್ರೆ ಐತೆ, ತಗೊಂಡೋಗು. ಸೊಗಡು ಕೇಳಬ್ಯಾಡ. ನಾನು ಬಿತ್ತಬೋದು, ನೀರು ಕಟ್ಟಬೋದು. ಚಳಿ ಕಟ್ಟಕ್ಕಾಯ್ತದಾ?"

ಅಲ್ಲಿಂದ ಸುತ್ತಮುತ್ತಲ ಹಳ್ಳಿಗಳು, ಅಲ್ಲಿಂದ ಗುಬ್ಬಿ ಕಡೆ. ಎಲ್ಲರದೂ ಒಂದೇ ಮಾತು. ಯಾರೋ ಒಬ್ಬ ಔಷಧಿ ಅಂಗಡಿಯವನನ್ನು ಬೈದ, ಇನ್ನೊಬ್ಬ ಮೊಬೈಲ್ ಟವರನ್ನು ಬೈದ, ಮತ್ತೊಬ್ಬ ತನ್ನ ತಮ್ಮನ ಹೆಂಡತಿಯ ಕಾಲ್ಗುಣವನ್ನು ಬೈದ. ಗಂಗರಾಜು ಎಲ್ಲರ ಜೊತೆ ಸೇರಿ ಎಲ್ಲರನ್ನೂ ಬೈದ. ಡೀಸೆಲ್ಲು ಖಾಲಿಯಾಯಿತು, ಬೈಗುಳ ಖಾಲಿಯಾಗಲಿಲ್ಲ.

ಮೋಡ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಚೇಳೂರು ದಾಟಿ ಸ್ವಲ್ಪ ದೂರ ಹೋಗಿದ್ದ. ಕೆರೆ ಏರಿಯ ಹಿಂದೆ ರಸ್ತೆ ಇಳಿಯುತ್ತದೆ. ಎರಡು ಕಡೆ ತೆಂಗಿನ ತೋಟ, ನಡುವೆ ಬಾಣಲೆಯ ಹಾಗೆ ಒಂದು ತಗ್ಗು. ಆಟೋ ಇಳಿಯುತ್ತಿದ್ದಂತೆ ಹೊರಗೆ ಚಾಚಿದ್ದ ಕೈ ಚುರ್ರೆಂದಿತು. ತಣ್ಣಗೆ. ಬ್ರೇಕ್ ಒತ್ತಿದ. ಹೊಲ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಬಿತ್ತು.

ಅವನು ಚಪ್ಪಲಿ ಬಿಟ್ಟು ಓಡಿದ. ಹುಲ್ಲೆಲ್ಲ ಒದ್ದೆ. ಅವರೆ ಗಿಡದ ಎಲೆ ಎಲೆಯ ತುದಿಯಲ್ಲೂ ಒಂದೊಂದು ಹನಿ. ಒಂದು ಕಾಯಿ ಹಿಸುಕಿದ, ಬೆರಳಿಗೆ ಬೆರಳು ಅಂಟಿತು. ಅಂಗೈ ಮೂಸಿಕೊಂಡು ಅಲ್ಲೇ ಕೂತುಬಿಟ್ಟ. ಆ ಚಳಿಗಾಲದಲ್ಲಿ ಅವನಿಗೆ ಯಾರ ಮೇಲೂ ಕೋಪವಿಲ್ಲದ ಗಳಿಗೆ ಅಂದರೆ ಅದೊಂದೇ.

"ಯಾರದು, ಕದಿಯಾಕ್ ಬಂದೋನು ಕುತ್ಕಂಡ್ ಬ್ಯಾರೆ ಮೂಸ್ತಾವ್ನೆ?"

ಹೊಲದವಳು ಗಂಗಾಂಬಿಕೆ, ಹಣೆ ತುಂಬ ವಿಭೂತಿ ಇಟ್ಟುಕೊಂಡ ವಯಸ್ಸಾದ ಹೆಂಗಸು. ಕೈಯಲ್ಲಿ ಕುಡುಗೋಲಿತ್ತು.

"ಕದಿಯಾಕಲ್ಲಮ್ಮ, ಕೊಳ್ಳಾಕೆ. ನಮ್ಮವ್ವ ತುಮಕೂರಲ್ಲಿ ಅವರೆ ಮಾರ್ತಾಳೆ. ಸೊಗಡಿಲ್ದೆ ಮಾರಕಿಲ್ಲ ಅಂತ ಕುಂತವ್ಳೆ."

"ಅಂಥೋರೂ ಅವ್ರಾ ಇನ್ನೂ?" ಗಂಗಾಂಬಿಕೆ ಕುಡುಗೋಲು ಕೆಳಗಿಳಿಸಿದಳು. "ಇರೋದೇ ಇಷ್ಟಗಲ ಹೊಲ ಮಗ. ಮನೆಗೆ ವಸಿ ಬುಟ್ಟು ಮಿಕ್ಕಿದ್ದು ಕಿತ್ಕೊ. ನೀನೇ ಕೀಳ್ಬೇಕು, ನನ್ ಸೊಂಟ ಬಗ್ಗಕಿಲ್ಲ."

ಆ ದಿನ ಹೊಂಗೆಮರದ ಕೆಳಗೆ ಪುಟ್ಟಗಂಗಮ್ಮ ಮೊದಲ ಕಾಯಿ ಹಿಸುಕಿ ತನ್ನ ಅಂಗೈಗೇ ಉಜ್ಜಿಕೊಂಡಳು. ಮಗನ ಕೈ ಹಿಡಿದು ಅವನ ಅಂಗೈಗೂ ಉಜ್ಜಿದಳು, ಅವನೇ ಗಿರಾಕಿ ಅನ್ನುವ ಹಾಗೆ. ಆಮೇಲೆ ದಾರಿಯಲ್ಲಿ ಹೋಗುತ್ತಿದ್ದ ಕಾವ್ಯ ಮೇಡಮ್ಮನ್ನು ಕೂಗಿದಳು. "ಬನ್ನಿ ತಾಯಿ, ಬಂತು!"

ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಯಿತು. ಸಂಜೆಗೆ ಬುಟ್ಟಿ ಬರಿದು. ಮೇಷ್ಟ್ರ ಹೆಂಡತಿ ಕಾಂಪೌಂಡಿನ ಮೇಲಿಂದಲೇ ಕೈ ಚಾಚಿ ಉಜ್ಜಿಸಿಕೊಂಡರು. ಮೇಷ್ಟ್ರು ತಮ್ಮ ತಗ್ಗಿನ ಲೆಕ್ಕಾಚಾರ ನಿಜವಾಯಿತೆಂದು ಸಿಕ್ಕವರಿಗೆಲ್ಲ ಹೇಳಿದರು. ಕನಕರಾಜು ಮೈಕಿನ ಸೌಂಡು ಜಾಸ್ತಿ ಮಾಡಿದ. ಯಾರೂ ಆ ಕಡೆ ತಿರುಗಲಿಲ್ಲ.

"ನಾಳಿಕ್ಕೂ ತತ್ತೀಯ ಅಲ್ವೇನ್ಲಾ?" ಅಂದಳು ಅವ್ವ. ಮುಖ ಅರಳಿತ್ತು. "ಎಲ್ಲರ್ಗೂ ಬರಕ್ಕೇಳಿದೀನಿ."

ಅಲ್ಲಿಗೆ ಎಡವಟ್ಟಾಯಿತು. ಮಾರನೆಯ ಬೆಳಿಗ್ಗೆ ಅವನು ಹೋದಾಗ ಗಂಗಾಂಬಿಕೆಯ ಹೊಲದಲ್ಲಿ ಉಳಿದದ್ದು ಒಂದು ಮಡಿಲು ಕಾಯಿ. ಮಿಕ್ಕಿದ್ದೆಲ್ಲ ಇನ್ನೂ ಎಳೆಯದು, ಕಾಳು ಕಟ್ಟದ ಸಿಪ್ಪೆ. ಪೂರ್ವದಲ್ಲಿ ಮತ್ತೆ ಮೋಡ ಏಳುತ್ತಿತ್ತು, ಬೂದು ಬಣ್ಣದ ಹಳೆಯ ಕಂಬಳಿ, ಅದೇ ಹಾಳಾದ್ದು. ಕೊಲ್ಲಿಯಲ್ಲಿ ಇನ್ನೊಂದು ಹುಟ್ಟಿದೆ ಎಂದು ಫೋನಿನಲ್ಲಿ ಬಂದಿತ್ತು.

ಗಂಗರಾಜು ಆಟೋ ಹತ್ತಿ ಕೂತ. ಬರಿಗೈಲಿ ಹೋದರೆ ಅವ್ವ ಬಂದವರಿಗೆಲ್ಲ ಇಲ್ಲ ಅನ್ನುತ್ತಾಳೆ, ಬುಟ್ಟಿ ಮಗುಚಿಟ್ಟು ಎದ್ದು ಹೋಗುತ್ತಾಳೆ. ಅವಳು ಎದ್ದರೆ ಕನಕರಾಜು ಕೂರುತ್ತಾನೆ. ಕೊಲ್ಲಿಯ ನೀರು ಬೆಚ್ಚಗಾದದ್ದಕ್ಕೆ ನಮ್ಮವ್ವ ಯಾಕೆ ಎದ್ದು ಹೋಗಬೇಕು? ಅವನು ಆಟೋ ತಿರುಗಿಸಿದ, ಗುಬ್ಬಿ ದಾಟಿ, ತುಮಕೂರು ಮುಟ್ಟದೆ ಬಳಸಿಕೊಂಡು, ಕುಣಿಗಲ್ ಕಡೆ. ಮಾವನ ಹೊಲದಿಂದ ಎರಡು ಮೂಟೆ ತುಂಬಿಸಿದ. ದಾರಿಯಲ್ಲಿ ಒಂದು ಮರದ ಕೆಳಗೆ ನಿಲ್ಲಿಸಿ ಬುಟ್ಟಿಗೆ ಮಾವನ ಕಾಯಿ ಸುರಿದ, ಗಂಗಾಂಬಿಕೆಯ ಒಂದು ಮಡಿಲನ್ನು ಮೇಲೆ ಹರಡಿದ. ನೀಟಾಗಿ, ಮದುವೆ ಮನೆಯ ತಾಂಬೂಲದ ತಟ್ಟೆ ಜೋಡಿಸುವ ಹಾಗೆ.

ಮಂಡಿಯಲ್ಲಿ ಇದನ್ನು ಮಾಡದವರು ಯಾರೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಎಲ್ಲರೂ ಮಾಡುತ್ತಾರೆ. ಅವನ ಅವ್ವ ಮಾತ್ರ ಮಾಡಿರಲಿಲ್ಲ.

ಪುಟ್ಟಗಂಗಮ್ಮ ಮೇಲಿನಿಂದ ಕಾಯಿ ಎತ್ತಿ ಉಜ್ಜುತ್ತ ಹೋದಳು. ವಾಸನೆ ಘಮ್ಮೆಂದಿತು. ಗಂಗರಾಜು ಬದಿಯಿಂದ ಕೈ ಹಾಕಿ ಕೆಳಗಿನದನ್ನು ತಕ್ಕಡಿಗೆ ಸುರಿಯುತ್ತ ಹೋದ. ಮೇಲಿನ ಕಾಯಿ ಮಾರಾಟವಾಗದ ಹಾಗೆ ನೋಡಿಕೊಂಡ. ಅವ್ವ ಗಿರಾಕಿಯ ಮುಖ ನೋಡುವವಳು, ತಕ್ಕಡಿ ನೋಡುವವಳಲ್ಲ. ತಕ್ಕಡಿ ಮಗನದಲ್ಲವೇ. ಸಂಜೆ ಬುಟ್ಟಿ ಎತ್ತುವಾಗಲೂ ಅವಳು ಹಾಡಿನ ಹಾಗೆ ಏನೋ ಗುನುಗುತ್ತಿದ್ದಳು. ಮಿಕ್ಕ ಮೇಲಿನ ಕಾಯಿಯನ್ನು ಅವನು ರಾತ್ರಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ, ಹೀಗೆ ಕೆಲವು ದಿನ ನಡೆಯಿತು.

ಭಾನುವಾರ ಕಾವ್ಯ ಮೇಡಂ ಬಂದರು. ಹಿಂದೆ ಇನ್ನೂ ನಾಲ್ಕೈದು ಹೆಂಗಸರು. ಕಾವ್ಯ ಮೇಡಂ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಪುಟ್ಟಗಂಗಮ್ಮನ ಮುಂದೆ ಇಟ್ಟರು. ಹಿದುಕಿದ ಅವರೆ ಸಾರು.

"ಮೂಸಿ ನೋಡಿ. ನಿಮ್ಮ ಮಾತಲ್ಲೇ ಹೇಳ್ತಿದೀನಿ, ಮೂಸಿ. ಬೆಂಗಳೂರಿಂದ ನೆಂಟರು ಬಂದಿದ್ರು ನಮ್ಮನೆಗೆ. ಸೊಗಡವರೆ ಸಾರು ಅಂತ ಬಡಿಸ್ದೆ. ಕಡ್ಲೆಕಾಳಿಗೂ ಇದಕ್ಕೂ ಏನ್ ವ್ಯತ್ಯಾಸ ಅಂತ ಕೇಳಿದ್ರು."

"ನಮ್ಮನೇದೂ ಅದೇ ಕತೆ," ಅಂದಳು ಇನ್ನೊಬ್ಬಳು. "ಕೈ ಮೇಲೆ ಉಜ್ಜೋದೊಂದು, ಚೀಲಕ್ಕೆ ಹಾಕೋದೊಂದು! ಇದಕ್ಕಿಂತ ಆ ಮೈಕಿನವನೇ ವಾಸಿ. ಅವನು ಸುಳ್ಳು ಹೇಳ್ತಾನೆ ಅಂತ ಮೊದ್ಲೇ ಗೊತ್ತಿರುತ್ತೆ."

ಕನಕರಾಜು ಮೈಕು ಆಫ್ ಮಾಡಿದ. ಗಾಡಿಯನ್ನು ಮೆಲ್ಲಗೆ ಉರುಳಿಸಿಕೊಂಡು ರಸ್ತೆಯ ಅರ್ಧಕ್ಕೆ ಬಂದು ನಿಂತ.

ಪುಟ್ಟಗಂಗಮ್ಮ ಡಬ್ಬಿಗೆ ಮೂಗು ಹಿಡಿದಳು. ಆಮೇಲೆ ಬುಟ್ಟಿಯನ್ನು ಎಳೆದುಕೊಂಡು ಗೋಣಿಯ ಮೇಲೆ ಪೂರ್ತಿ ಮಗುಚಿದಳು. ಕೆಳಗಿದ್ದ ಕಾಯಿ ಮೇಲೆ ಬಂತು. ಒಂದು ಹಿಸುಕಿ ಅಂಗೈಗೆ ಉಜ್ಜಿಕೊಂಡಳು, ಮೂಸಿದಳು. ಇನ್ನೊಂದು. ಮತ್ತೊಂದು. ಆಮೇಲೆ ತಲೆ ಎತ್ತಿ ಮಗನ ಕಡೆ ನೋಡಿದಳು. ಗಂಗರಾಜು ತಕ್ಕಡಿಯ ಸರಪಳಿ ಬಿಡಿಸುತ್ತ ಕೂತಿದ್ದ. ಅದರಲ್ಲಿ ಗಂಟೇನೂ ಬಿದ್ದಿರಲಿಲ್ಲ.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಮಹಾಲಿಂಗಯ್ಯನವರು ಪೇಪರ್ ಹಿಡಿದೇ ಬಂದರು.

"ಏನಮ್ಮ ಗಲಾಟೆ? ಕಾವ್ಯ, ನೀವು ಓದಿದೋರು, ನೀವೇ ಹೀಗಂದ್ರೆ ಹೇಗೆ? ಈ ವರ್ಷದ ಹವಾಮಾನ ಎಂಥದು ಅಂತ ಗೊತ್ತಾ ನಿಮಗೆ?"

ಮೇಷ್ಟ್ರು ಶುರು ಮಾಡಿದರು. ಬಂಗಾಳ ಕೊಲ್ಲಿ ಬಂತು, ಪೆಸಿಫಿಕ್ ಬಂತು, ಉತ್ತರದ ಗಾಳಿ ತಡೆದು ನಿಂತದ್ದು ಬಂತು, ಮೋಡದ ಕಂಬಳಿ ಬಂತು. ಒಂದೇ ಹೊಲದಲ್ಲಿ ತಗ್ಗಿನ ಗಿಡಕ್ಕೆ ಇಬ್ಬನಿ ಬೀಳುತ್ತದೆ, ನಾಲ್ಕು ಮಾರು ಆಚೆಯ ಗಿಡಕ್ಕೆ ಬೀಳುವುದಿಲ್ಲ. ಒಂದು ಕಾಯಿಗೆ ಸೊಗಡಿರುತ್ತದೆ, ಪಕ್ಕದ ಕಾಯಿಗೆ ಇರುವುದಿಲ್ಲ. ಇದೇ ಹವಾಮಾನ ವೈಪರೀತ್ಯ. ಇದಕ್ಕೆ ಈ ಬಡ ಹೆಂಗಸು ಏನು ಮಾಡುತ್ತಾಳೆ?

ಮೇಷ್ಟ್ರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಕೊಲ್ಲಿಯೂ ನಿಜ, ಮೋಡವೂ ನಿಜ, ತಗ್ಗೂ ನಿಜ. ಇಷ್ಟು ದಿನ ಗಂಗರಾಜು ಬೈದ ಗಾಳಿ, ಅಷ್ಟು ದೊಡ್ಡ ಗಾಳಿ, ಇಡೀ ಭೂಮಿಗೆ ಸುತ್ತು ಹಾಕಿಕೊಂಡು ಬಂದು ಅವನ ಒಂದು ಬುಟ್ಟಿಯ ಕಳ್ಳತನದ ಮೇಲೆ ಸೆರಗು ಮುಚ್ಚುತ್ತಿತ್ತು.

ಹೆಂಗಸರ ದನಿ ತಗ್ಗಿತು. ಹವಾಮಾನ ವೈಪರೀತ್ಯ ಅಂದ ಮೇಲೆ ಯಾರು ಏನು ಹೇಳಲಾದೀತು? ಟಿವಿಯಲ್ಲೂ ಅದನ್ನೇ ಹೇಳುತ್ತಾರೆ. ಚರಂಡಿ ಉಕ್ಕಿದರೂ ಅದೇ, ರಸ್ತೆ ಕಿತ್ತು ಹೋದರೂ ಅದೇ.

"ಹೌದಾ ಪುಟ್ಟಗಂಗಮ್ಮ?" ಅಂದರು ಕಾವ್ಯ ಮೇಡಂ, ಈಗ ಮೆತ್ತಗೆ. "ಒಂದೇ ಹೊಲದ್ದಾ ಇದು? ನೀವು ಹೇಳಿದ್ರೆ ನಾನು ನಂಬ್ತೀನಿ."

ಪುಟ್ಟಗಂಗಮ್ಮ ಬಾಯಿ ತೆರೆದಳು. ಅವಳು ಏನು ಹೇಳುತ್ತಾಳೆಂದು ಗಂಗರಾಜುವಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತು. ಅವನು ಸರಪಳಿ ಬಿಟ್ಟು ಅವಳನ್ನೇ ನೋಡಿದ. ಅವಳು ಮಗನನ್ನು ನೋಡಿದಳು. ಅವನ ಭುಜದ ಮೇಲಿಂದ ರಸ್ತೆ ಮಧ್ಯೆ ನಿಂತಿದ್ದ ತಳ್ಳುಗಾಡಿಯನ್ನು ನೋಡಿದಳು. ಕನಕರಾಜು ಆಗಲೇ ಹೊಂಗೆಮರದ ಕೆಳಗೆ ಗಾಡಿ ಯಾವ ಮಗ್ಗುಲಿಗೆ ನಿಲ್ಲುತ್ತದೆಂದು ಕಣ್ಣಲ್ಲೇ ಅಳೆಯುತ್ತಿದ್ದ.

"ಮೇಷ್ಟ್ರು ಓದಿರೋರು," ಅಂದಳು ಪುಟ್ಟಗಂಗಮ್ಮ. "ಅವ್ರು ಹೇಳಿದ್ ಮ್ಯಾಲೆ ಸರಿ ಇರ್ತದೆ."

"ಅಷ್ಟೇ ಮತ್ತೆ! ನಿಮ್ದೇನ್ ತಪ್ಪು ಬಿಡಿ." ಕಾವ್ಯ ಮೇಡಂ ಡಬ್ಬಿ ಮುಚ್ಚಿದರು. ಪಾಪ, ಹೋಗುವಾಗ ಸಂಕೋಚಕ್ಕೆ ಇನ್ನೊಂದಿಷ್ಟು ಕಾಯಿ ತೂಗಿಸಿಕೊಂಡೇ ಹೋದರು. ಕನಕರಾಜು ಗಾಡಿ ಹಿಂದಕ್ಕೆ ಎಳೆದುಕೊಂಡ. ಮೈಕು ಮತ್ತೆ ಶುರುವಾಯಿತು.

ಸಂಜೆ ಮನೆಯಲ್ಲಿ ಪುಟ್ಟಗಂಗಮ್ಮ ಮುದ್ದೆ ಕಟ್ಟಿ ತಟ್ಟೆಗೆ ಹಾಕಿ ಮಗನ ಮುಂದೆ ತಳ್ಳಿದಳು. ಬೈಯಲಿ ಎಂದು ಗಂಗರಾಜು ಕಾಯುತ್ತಿದ್ದ. ಬೈದರೆ ತಿರುಗಿಸಿ ಬೈಯಬಹುದಿತ್ತು, ಬೈಗುಳದಲ್ಲಿ ಅವನನ್ನು ಗೆದ್ದವರಿಲ್ಲ. ಅವಳು ಒಲೆಯ ಕಡೆ ಮುಖ ಮಾಡಿ ಕೂತಳು.

"ಏನಾದ್ರೂ ಅನ್ನವ್ವ."

"ಏನನ್ಲಿ? ಗಾಳಿ ಮ್ಯಾಲೆ ಹಾಕಾಯ್ತಲ್ಲ."

"ಜಾಗ ಹೋಯ್ತದೆ ಅಂತ ಮಾಡ್ದೆ. ನಿಂಗೋಸ್ಕರ ಮಾಡ್ದೆ ಕಣವ್ವ!"

"ನಂಗೋಸ್ಕರ ಆಗಿದ್ರೆ ನಂಗೆ ಹೇಳಿ ಮಾಡ್ತಿದ್ದೆ."

"ಹೇಳಿದ್ರೆ ನೀನು ಬುಡ್ತಿದ್ದಾ?"

"ಬುಡ್ತಿರ್ಲಿಲ್ಲ." ಅವಳು ಕೊಳ್ಳಿಯನ್ನು ಒಳಕ್ಕೆ ತಳ್ಳಿದಳು. "ಆದ್ರೆ ಇವತ್ತು ಬುಟ್ಟೆ ನೋಡು. ಬಾಯಿಗ್ ಬಂದಿದ್ನ ನುಂಗ್ದೆ. ನೀನು ಬುಟ್ಟೀಲಿ ಮೋಸ ಮಾಡ್ದೆ, ನಾನು ಇಷ್ಟು ವರ್ಷ ಉಜ್ಜಿದ್ದೆಲ್ಲಾನೂ ಸುಳ್ಳು ಮಾಡ್ದೆ. ಉಣ್ಣು, ಆರೋಯ್ತದೆ."

ಮಾರನೆಯ ದಿನವೂ ಅವಳು ಮೂಲೆಗೆ ಬಂದಳು. ಆದರೆ ಕೈ ಎರಡನ್ನೂ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಗಿರಾಕಿಗಳು ಅಂಗೈ ಚಾಚಿದರೆ, "ನಮ್ ಹುಡುಗನ್ನ ಕೇಳಿ" ಅನ್ನುತ್ತಿದ್ದಳು. ಅವರು ಗಂಗರಾಜುವಿನ ಕಡೆ ತಿರುಗುತ್ತಿದ್ದರು. ಅವನು "ಐತೆ, ತಗಳಿ" ಅನ್ನುತ್ತಿದ್ದ. ಜನ ತೆಗೆದುಕೊಂಡರು. ಅದೇ ದೊಡ್ಡ ಸಿಟ್ಟು ಅವನಿಗೆ, ಜನ ತೆಗೆದುಕೊಂಡರು. ಕೈ ಮೂಸಿ ನೋಡುವ ಪದ್ಧತಿ ಯಾಕೆ ಹೋಯಿತೆಂದು ಒಬ್ಬರೂ ಕೇಳಲಿಲ್ಲ. ಕೈಗೆ ಅಂಟುವುದು ತಪ್ಪಿತು ಎಂದು ಒಬ್ಬಾಕೆ ಸಂತೋಷವನ್ನೇ ಪಟ್ಟಳು.

ಸಂಕ್ರಾಂತಿಗೆ ಎಳ್ಳು ಬೀರಿದ ಮೇಲೆ ಪುಟ್ಟಗಂಗಮ್ಮ ಮೂಲೆಗೆ ಬರಲಿಲ್ಲ. ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವ ಶೆಡ್ಡೊಂದಕ್ಕೆ ಕೂಲಿಗೆ ಹೋದಳು. ಬೆಳಿಗ್ಗೆ ಬುತ್ತಿ ಕಟ್ಟಿಕೊಳ್ಳುತ್ತಿದ್ದವಳನ್ನು ಗಂಗರಾಜು ಬಾಗಿಲಿಗೆ ಅಡ್ಡ ನಿಂತು ತಡೆದ.

"ಜಾಗ ಉಳ್ಸಿದ್ದು ನೀನು ಕೂರ್ಲಿ ಅಂತ!"

"ಉಳೀತಲ್ಲ. ನೀನೇ ಕೂತ್ಕೊ."

"ಆ ದೂಳಲ್ಲಿ ಸುತ್ತಿಗೆ ಹಿಡ್ಕಂಡು ಬಡಿಯೋ ವಯಸ್ಸಾ ನಿಂದು? ಅಲ್ಲೇನೈತೆ ಅಂತ ಹೋಗ್ತೀಯ?"

"ಅಲ್ಲಿ ಯಾರೂ ಏನೂ ಕೇಳಕಿಲ್ಲ," ಅಂದಳು ಅವ್ವ. ಅವನ ತೋಳಿನ ಕೆಳಗೆ ಬಗ್ಗಿ ಆಚೆ ಹೋದಳು.

ಅದಾದ ವಾರದಲ್ಲೇ ಚಳಿ ಬಂತು. ಬರಬಾರದ ಹೊತ್ತಿನಲ್ಲಿ, ಹಬ್ಬ ಮುಗಿದ ಮೇಲೆ ಬರುವ ನೆಂಟನ ಹಾಗೆ. ಆಕಾಶ ನೀಲಿಯಾಗಿ ತೊಳೆದಿಟ್ಟ ಹಾಗಾಯಿತು. ಬೆಳಿಗ್ಗೆ ಆಟೋದ ಗಾಜಿನ ಮೇಲೆ ನೀರು ಇಳಿಯುತ್ತಿತ್ತು. ಮಾವನ ಹೊಲದಲ್ಲಿ ಉಳಿದಿದ್ದ ತಡವಾದ ಫಸಲಿಗೆ ಇಬ್ಬನಿ ಬಿದ್ದು, ಕದರಯ್ಯ ಫೋನಿನಲ್ಲೇ ಕೂಗಾಡಿದ. "ಬಾರ್ಲಾ ಅಳಿಯ, ಬಂತು ಕಣ್ಲಾ! ಬದುವಿನ ಮ್ಯಾಲೆ ನಿಂತ್ರೆ ಹೊಡೀತೈತೆ ಮೂಗಿಗೆ!"

ಗಂಗರಾಜು ತಂದ. ಹೊಂಗೆಮರದ ಕೆಳಗೆ ಸುರಿದ. ಮೇಲಿನದು, ಕೆಳಗಿನದು ಎಲ್ಲ ಒಂದೇ, ಮುಟ್ಟಿದರೆ ಅಂಟುವ ಹಾಗೆ. ಮೂರು ರಸ್ತೆ ಕೂಡುವ ಜಾಗದಲ್ಲೆಲ್ಲ ಘಮ ಹರಡಿತು. ಆಚೆ ಕನಕರಾಜುವಿನ ಗಾಡಿಯೂ ಘಮ್ಮೆನ್ನುತ್ತಿತ್ತು. ಅವನ ಮೈಕು ಕೂಡ ಆವತ್ತು ನಿಜ ಹೇಳುತ್ತಿತ್ತು. ಇಬ್ಬರ ಹತ್ತಿರವೂ ಜನ ಒಂದೇ ಸಮ ಬಂದರು, ಒಂದೇ ಸಮ ಕೊಂಡರು.

ಇಷ್ಟು ದಿನ ಬೈಯುವುದಕ್ಕೆ ಗಾಳಿಯಾದರೂ ಇತ್ತು. ಈಗ ಗಾಳಿಯೂ ಸರಿಯಾಗಿತ್ತು.

ಮಹಾಲಿಂಗಯ್ಯನವರು ಮಫ್ಲರ್ ಸುತ್ತಿಕೊಂಡು ಗೇಟಿಗೆ ಬಂದರು. ಪರೀಕ್ಷೆಯಲ್ಲಿ ಪಾಸಾದವರ ಹಾಗೆ ಮುಖ ಬೆಳಗುತ್ತಿತ್ತು. "ನೋಡಿದ್ಯಾ ಗಂಗರಾಜು! ಉತ್ತರದ ಗಾಳಿ ಇಳೀತು. ಕೊಲ್ಲಿ ತಣ್ಣಗಾಯ್ತು. ನಾನು ಹೇಳಿರಲಿಲ್ವಾ?"

"ಹೇಳಿದ್ರಿ ಸಾರ್."

"ಎಲ್ಲಿ ನಿಮ್ಮಮ್ಮ? ಇಂಥ ಕಾಯಿ ಬಂದಾಗ ಆಕೆ ಇರಬೇಕಲ್ಲಪ್ಪ. ಹಬ್ಬದಿಂದ ಕಾಣ್ತಾನೇ ಇಲ್ಲ."

ಗಂಗರಾಜು ಮೇಷ್ಟ್ರ ಮುಖ ನೋಡಿದ. ಒಳ್ಳೆಯ ಮುಖ. ನಿಜವಾಗಿ ಕೇಳುತ್ತಿದ್ದರು. ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂತು. ನೀವು ಅವತ್ತು ಹೇಳಿದ ಗಾಳಿ ಗಾಳಿಯಲ್ಲ ಸಾರ್, ಅದು ನಾನು. ಗಿರಾಕಿಯೊಬ್ಬಳು ಚೀಲ ಹಿಡಿದು ನಿಂತಿದ್ದಳು. ಆಚೆ ಕನಕರಾಜು ಈ ಕಡೆ ನೋಡುತ್ತಿದ್ದ.

"ಚಳಿ ಸಾರ್," ಅಂದ ಗಂಗರಾಜು, ತಕ್ಕಡಿಗೆ ಕಾಯಿ ಸುರಿಯುತ್ತ. "ಈ ಚಳೀಲಿ ಹೊರಗೆ ಕೂರಕ್ಕಾಗಲ್ಲ ಅಂದ್ಲು."

"ಹೌದೌದು, ಈ ಸಲ ಏಕಾಏಕಿ ಬಂತು ನೋಡು," ಅಂದರು ಮೇಷ್ಟ್ರು. ಅದು ಯಾಕೆ ಹಾಗೆ ಬಂತು ಎಂದು ಗೇಟಿನ ಕಂಬಿಯ ಮೇಲೆ ಬೆರಳಿಟ್ಟು ವಿವರಿಸತೊಡಗಿದರು. ಗಂಗರಾಜು ತಲೆ ತಗ್ಗಿಸಿ ಹೂಂಗುಟ್ಟುತ್ತ ತೂಗುತ್ತ ಹೋದ.